ಸತ್ತವರ ಪಟ್ಟಿಯಲ್ಲಿ ‘ಬಿನ್’, ‘ಕೋಂ’ ಉಳಿಯಲಿ

ಕರ್ನಾಟಕದ ಜನನ–ಮರಣ ಮುಖ್ಯ ನೋಂದಣಾಧಿಕಾರಿಗಳಿಗೆ,



ಪೌತಿ ಖಾತೆಗೆಂದೋ ವಂಶವೃಕ್ಷ ಬರೆಯಲೆಂದೋ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಬಾಗಿಲಲ್ಲಿ ನಿಲ್ಲುವ ಮೊಮ್ಮಕ್ಕಳ ಕೈಯಲ್ಲಿರುವುದು ಒಂದು ಹೆಸರು, ಒಂದು ಅಂದಾಜು: ‘ಅಜ್ಜಿ ರಂಗಮ್ಮ, ಬರಗಾಲದ ಮಾರನೇ ವರ್ಷ ಹೋದಳು’. ತುಮಕೂರು ಸೀಮೆಯಲ್ಲಿ ರಂಗಮ್ಮಂದಿರಿಗೆ ಬರವೇ? ಮರಣ ಪುಸ್ತಕದಲ್ಲಿ ‘ರಂಗಮ್ಮ ಕೋಂ ತಿಮ್ಮಯ್ಯ’ ಎಂದಿದ್ದರಷ್ಟೇ ಅವಳು ಯಾರ ಅಜ್ಜಿ ಎಂಬುದು ಗೊತ್ತಾಗುತ್ತದೆ. ‘ಇಂಥವನ ಹೆಂಡತಿ’ ಎನ್ನುವ ಆ ಪುಟ್ಟ ‘ಕೋಂ’, ಗಂಡಸರಿಗಾದರೆ ‘ಇಂಥವನ ಮಗ’ ಎನ್ನುವ ‘ಬಿನ್’, ಇಡೀ ಮನೆತನದ ಕೊಂಡಿ.

ಇಂಥ ಪುಸ್ತಕಗಳ ಸೂಚಿ ಓದುವುದೂ ಒಂದು ವಿದ್ಯೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅಲ್ಲಿನ ಹಳೆಯ ಮರಣ ಸೂಚಿಯಲ್ಲಿ ವಯಸ್ಸೇ ಇರಲಿಲ್ಲ. ಜಾನ್ ಸ್ಮಿತ್ ಎಂದರೆ ಹಸುಗೂಸೋ ಹಣ್ಣು ಮುದುಕನೋ ತಿಳಿಯದು. 1866ರಿಂದ ವಯಸ್ಸು ಸೇರಿತು, 1969ರಿಂದ ಹುಟ್ಟಿದ ದಿನಾಂಕ. ಕೊನೆಗೆ 2016ರಲ್ಲಿ ಹೊಸ ಸೂಚಿ ಬಂದಾಗ 1837ರ ಸಾವುಗಳಿಗೂ ವಯಸ್ಸು ದಕ್ಕಿತು. ತಡವಾಗಿಯಾದರೂ ತಿದ್ದಿಕೊಂಡರು.

‘ಎಪಿಗ್ರಾಫಿಯಾ ಕರ್ನಾಟಿಕಾ’ ಶಾಸನ ಸಂಪುಟಗಳ ಬಿ.ಎಲ್. ರೈಸ್ ಅವರನ್ನೇ ನೋಡಿ. ಆ ನೋಂದಣಿ ಆರಂಭವಾದ ತಿಂಗಳಲ್ಲೇ ಬೆಂಗಳೂರಿನಲ್ಲಿ ಹುಟ್ಟಿದವರು, 1927ರ ಜುಲೈಯಲ್ಲಿ ಹ್ಯಾರೋದಲ್ಲಿ ತೀರಿಕೊಂಡರು. ದುಡಿದದ್ದು ಮೈಸೂರು ಸೀಮೆಯಲ್ಲಿ. ಸಾವನ್ನು ಹುಡುಕಬೇಕಾದದ್ದು ಇಂಗ್ಲೆಂಡಿನ ಜುಲೈ–ಸೆಪ್ಟೆಂಬರ್ ಪಟ್ಟಿಯಲ್ಲಿ. ಆ ಮೂರು ತಿಂಗಳ ಲೆಕ್ಕವೂ ಸತ್ತ ದಿನದ್ದಲ್ಲ, ಬರೆಸಿದ ದಿನದ್ದು! ಡಿಸೆಂಬರ್ ಕೊನೆಗೆ ಸತ್ತವರು ಮುಂದಿನ ವರ್ಷದ ಪಟ್ಟಿಯಲ್ಲಿ ಸಿಗುವುದುಂಟು.

ಇಲ್ಲಿಯೂ ಇಂಥ ಎಡವುಗಲ್ಲುಗಳಿವೆ. 1969ರ ಜನನ–ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲಿಯೇ ನೋಂದಣಿ. ಶಿರಸಿಯವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದರೆ ಶಿರಸಿಯ ಪುಸ್ತಕ ತಿರುವಿ ಫಲವಿಲ್ಲ. 1975ರಲ್ಲಿ ಗದಗಿನಲ್ಲಿ ಸತ್ತವರ ಜಿಲ್ಲೆ ಧಾರವಾಡ; ಗದಗ ಜಿಲ್ಲೆಯಾದದ್ದೇ 1997ರಲ್ಲಿ. ಇದು ತಿಳಿಯದೆ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಹಿಡಿದು ಬಂದವರು, ಅಜ್ಜನ ಸಾವನ್ನು ಯಾರೂ ಬರೆಸಿಯೇ ಇಲ್ಲವೆಂದು ನಂಬಿಬಿಡುತ್ತಾರೆ. ಆ ಹಾಳೆ ಹೇಳುವುದು ಇಷ್ಟೇ: ಈ ಕಚೇರಿಯ, ಈ ವರ್ಷದ ಪುಸ್ತಕದಲ್ಲಿ, ಹೀಗೆ ಬರೆದ ಹೆಸರು ಕಾಣಲಿಲ್ಲ.

ಹೀಗೆ ಬರೆದ ಹೆಸರು! ಪುಟ್ಟಸ್ವಾಮಿ ಒಂದು ಕಡೆ ಪುಟ್ಟಯ್ಯ, ಇನ್ನೊಂದು ಕಡೆ ಬರೀ ಸ್ವಾಮಿ.

ಕಾಯ್ದೆಯ 17ನೇ ಕಲಮಿನಂತೆ ಯಾರು ಬೇಕಾದರೂ ಶುಲ್ಕ ಕಟ್ಟಿ ಹುಡುಕಿಸಬಹುದು. ಸಾವಿನ ಕಾರಣವನ್ನಷ್ಟೇ ನಕಲಿನಲ್ಲಿ ತೋರಿಸುವಂತಿಲ್ಲ. ಕಾನೂನೇ ಹೀಗಿರುವಾಗ ಗುಟ್ಟಿನ ನೆಪ ಹೇಳುವಂತಿಲ್ಲ. ಆದ್ದರಿಂದ, ಆನ್‌ಲೈನ್ ನೋಂದಣಿಯ ‘ಇ–ಜನ್ಮ’ ಬರುವ ಮೊದಲಿನ ಕೈಬರಹದ ಮರಣ ರಿಜಿಸ್ಟರುಗಳಿಗೆ ತಾವು ಸೂಚಿ ಮಾಡಿಸಬೇಕು. ಬರೀ ಹೆಸರು–ವರ್ಷದ ಪಟ್ಟಿ ಸಾಲದು. ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಸತ್ತ ಊರು, ಸ್ವಂತ ಊರು, ಸತ್ತ ದಿನ, ಬರೆಸಿದ ದಿನ ಇಷ್ಟೂ ಒಂದೇ ಸಾಲಿನಲ್ಲಿ ಸಿಗಲಿ. ಹುಳ ಹಿಡಿದ ಪುಸ್ತಕಗಳಿಂದ ಕೆಲಸ ಮೊದಲಾಗಲಿ.

ಇಂತಿ,
ಅಜ್ಜಿಯನ್ನು ಹುಡುಕುತ್ತಿರುವ ಮೊಮ್ಮಕ್ಕಳ ಪರವಾಗಿ