ಕುರ್ಚಿ ತುಂಬಬೇಕಾದರೆ ಪಾತ್ರ ಹಂಚಬೇಕು

ವಸತಿ ಸಮುಚ್ಚಯಗಳ ನಿವಾಸಿ ಸಂಘಗಳಲ್ಲಿ ದುಡಿದವರೆಲ್ಲರೂ ಒಂದಲ್ಲ ಒಂದು ಸಂಜೆ ಕಂಡಿರುವ ದೃಶ್ಯವಿದು. ಲಿಫ್ಟಿನ ಪಕ್ಕದಲ್ಲಿ ಹದಿನೈದು ದಿನ ಮುಂಚೆಯೇ ಪ್ರಕಟಣೆ ಅಂಟಿಸಲಾಗಿದೆ. ಮೊಬೈಲಿಗೆ ಮೂರು ಬಾರಿ ಸಂದೇಶ ಹೋಗಿದೆ. ಶಾಮಿಯಾನ ಹಾಕಿ, ಧ್ವನಿವರ್ಧಕ ಕಟ್ಟಿ, ನೂರು ಕುರ್ಚಿ ಜೋಡಿಸಲಾಗಿದೆ. ಹೊತ್ತು ಮೀರಿದರೂ ಕುಳಿತವರು ಹದಿನೈದಿಪ್ಪತ್ತು ಮಂದಿ. ಅವರಲ್ಲಿ ಅರ್ಧದಷ್ಟು ಸಮಿತಿಯವರೇ. ಮೇಲಿನ ಮಹಡಿಗಳಲ್ಲಿ ಮನೆಮನೆಯ ದೀಪ ಉರಿಯುತ್ತಿದೆ. ಜನರಿಲ್ಲವೆಂದಲ್ಲ, ಅವರು ಇಳಿದು ಬರಲಿಲ್ಲ. "ಈಗಿನವರಿಗೆ ಆಸಕ್ತಿಯೇ ಇಲ್ಲ" ಎಂದು ಕಾರ್ಯದರ್ಶಿಗಳು ನಿಟ್ಟುಸಿರಿಡುತ್ತಾರೆ. ಈ ತೀರ್ಪು ನ್ಯಾಯವೇ ಎಂದು ಪರಿಶೀಲಿಸುವುದು ಉಚಿತ.

ಇದು ಬೆಂಗಳೂರಿನ ಮಾತು, ನಮಗೇಕೆ ಎಂದು ತುಮಕೂರು ಜಿಲ್ಲೆಯ ಓದುಗರು ಭಾವಿಸಬೇಕಾಗಿಲ್ಲ. 2014ರಲ್ಲಿ ವಸಂತನರಸಾಪುರದಲ್ಲಿ ಆಹಾರ ಪಾರ್ಕ್ ಉದ್ಘಾಟನೆಗೊಂಡಿತು. 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಆರಂಭವಾಯಿತು. ಉದ್ಯೋಗದ ಬೆನ್ನು ಹಿಡಿದು ತುಮಕೂರಿನಲ್ಲಿಯೂ ಮಹಡಿಯ ಮೇಲೆ ಮಹಡಿ ಏಳುತ್ತಿದೆ. ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಹೊರಟ ಮಕ್ಕಳು ಇಂತಹ ಮನೆಗಳಲ್ಲಿ ಸಂಸಾರ ಹೂಡಿದ್ದಾರೆ; ವಯಸ್ಸಾದ ತಾಯಿತಂದೆಯರನ್ನೂ ಕರೆತಂದಿದ್ದಾರೆ. ಜಗುಲಿಯ ಮೇಲೆ ಕುಳಿತು ಹೋಗುವವರನ್ನೂ ಬರುವವರನ್ನೂ ಹೆಸರು ಹಿಡಿದು ಮಾತನಾಡಿಸಿದ ಹಿರಿಯರು ಈಗ ನಾಲ್ಕನೆಯ ಮಹಡಿಯ ಮುಚ್ಚಿದ ಬಾಗಿಲಿನ ಹಿಂದೆ ಹಗಲು ಕಳೆಯುತ್ತಾರೆ. ಹಗಲು ಹೊತ್ತಿನಲ್ಲಿ ಅವರಿಗೆ ಎದೆನೋವು ಬಂದರೆ ಯಾವ ಬಾಗಿಲು ತಟ್ಟಬೇಕು? ಎದುರು ಮನೆಯವರ ಹೆಸರೇ ತಿಳಿಯದು. 2020ರ ಲಾಕ್‌ಡೌನಿನಲ್ಲಿ ಬಂಧುಬಳಗ ಬರಲಾಗದೆ ನಿಂತಾಗ, ಹಾಲು, ಔಷಧಿಗಳನ್ನು ಬಾಗಿಲಿಗೆ ತಂದಿಡಬಲ್ಲವರು ನೆರೆಯವರು ಮಾತ್ರ ಎಂಬುದನ್ನು ನಾವೆಲ್ಲರೂ ಕಂಡೆವು. ಕಂಡು ಮರೆತೆವು. ಖಾಲಿ ಕುರ್ಚಿಯ ಪ್ರಶ್ನೆ ಸಮಾರಂಭದ ಶೋಭೆಗಷ್ಟೇ ಸಂಬಂಧಿಸಿದ್ದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಜನರನ್ನು ಸೇರಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕಾಲದಲ್ಲಿ ನಾಡಿನಾದ್ಯಂತ ಪ್ರಸಿದ್ಧವಾಯಿತು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ನಮ್ಮ ನಿವಾಸಿ ಸಂಘಗಳು ಇಂದು ಅನುಸರಿಸಲು ಹೊರಟಿರುವುದು ಈ ಮಾರ್ಗವನ್ನೇ: ದೊಡ್ಡ ವಾದ್ಯವೃಂದ, ದೊಡ್ಡ ಅತಿಥಿ, ದೊಡ್ಡ ಭೋಜನ. ಆದರೆ ಆನೆಯನ್ನು ನೋಡಲು ಬಂದವರು ಆನೆಯನ್ನು ನೋಡಿ ಹೋಗುತ್ತಾರೆ. ಪಕ್ಕದ ಕುರ್ಚಿಯಲ್ಲಿ ಕುಳಿತವರು ಯಾರೆಂದು ಕೇಳುವುದಿಲ್ಲ. ಮುಂದಿನ ವರ್ಷ ಇನ್ನೂ ದೊಡ್ಡ ಆನೆ ಬೇಕಾಗುತ್ತದೆ.

ಇದೇ ಸೀಮೆಯ ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿಯುಂಟು. ಊರಿನ ರೈತರು, ಅಂಗಡಿಯವರು, ಶಾಲೆಯ ಮೇಷ್ಟರು ಸೇರಿ ಪೌರಾಣಿಕ ನಾಟಕವಾಡುತ್ತಾರೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಲಿಸುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಕೈಯಿಂದ ಹಣ ತೆರುತ್ತಾರೆ! ಆ ರಾತ್ರಿ ಊರಿಗೆ ಊರೇ ಚಾಪೆ ಹಿಡಿದು ಬಂದು ಬೆಳಗಿನವರೆಗೆ ಕುಳಿತಿರುತ್ತದೆ. ನಾಟಕ ಶ್ರೇಷ್ಠವೆಂದಲ್ಲ, ಭೀಮನ ಗದೆ ಹೊತ್ತವನು ತಮ್ಮ ಮನೆಯ ಹುಡುಗ ಎಂಬುದಕ್ಕಾಗಿ. ಒಬ್ಬನಿಗೆ ಪಾತ್ರ ಸಿಕ್ಕಿದರೆ ಒಂದು ಮನೆತನವೇ ಬರುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ಪ್ರಕಟಣೆಗೆ ಜನ ಬರುವುದಿಲ್ಲ, ಪಾತ್ರಕ್ಕೆ ಬರುತ್ತಾರೆ.

ಬೆಂಗಳೂರಿನ ಅನುಭವವೂ ಇದನ್ನೇ ಸಾರುತ್ತದೆ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದಾಗ ರಾಜಧಾನಿಯ ಬೀದಿಗಳಲ್ಲಿ ಕಸ ರಾಶಿಬಿತ್ತು. ಆಗ ಬೆಳ್ಳಂದೂರಿನ ಕಡೆಯ ವಸತಿ ಸಮುಚ್ಚಯಗಳ ಸ್ವಯಂಸೇವಕರು ಬಾಗಿಲು ಬಾಗಿಲಿಗೆ ಹೋಗಿ, ಹಸಿ ಕಸಕ್ಕೊಂದು ಬುಟ್ಟಿ, ತಿರಸ್ಕೃತ ಕಸಕ್ಕೊಂದು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ಕ್ರಮವನ್ನು ಗೃಹಿಣಿಯರಿಗೂ ಮನೆಗೆಲಸದವರಿಗೂ ಕಲಿಸಿದರು. 2015ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಈ ಕ್ರಮವನ್ನೇ ನಗರಕ್ಕೆ ಕಡ್ಡಾಯಗೊಳಿಸಿತು. ಭಾಷಣ ಸಾಧಿಸದುದನ್ನು ಪ್ರತಿ ಮನೆಗೂ ಒಪ್ಪಿಸಿದ ಒಂದು ಸಣ್ಣ ಕೆಲಸ ಸಾಧಿಸಿತು.

ಆದ್ದರಿಂದ ಸಂಘದ ಹಿರಿಯರಲ್ಲಿ ನಮ್ಮದು ಕೆಲವು ವಿನಂತಿಗಳು. ಗೋಡೆಗೆ ಅಂಟಿಸಿದ ಕಾಗದವನ್ನು ನಂಬಬೇಡಿ. ಮಹಡಿಗೊಬ್ಬರಂತೆ ಹೋಗಿ ಬಾಗಿಲಲ್ಲಿ ನಿಂತು ಕರೆಯಿರಿ. ಕರೆಯುವಾಗ "ಬನ್ನಿ" ಎಂದಷ್ಟೇ ಹೇಳದೆ "ಮಜ್ಜಿಗೆ ನಿಮ್ಮ ಮನೆಯಿಂದ ಬರಲಿ", "ಮಕ್ಕಳ ಹಾಡು ನಿಮ್ಮ ಮಗಳು ಹೇಳಿಸಲಿ" ಎಂದು ಹೇಳಿರಿ. ವರ್ಷಕ್ಕೊಂದು ವೈಭವಕ್ಕಿಂತ ತಿಂಗಳಿಗೊಂದು ಮಹಡಿಯ ಚಹಾ ಕೂಟ ಮೇಲು. ಹೇಳಿದ ಹೊತ್ತಿಗೆ ಆರಂಭಿಸಿ, ಹೇಳಿದ ಹೊತ್ತಿಗೆ ಮುಗಿಸಿರಿ, ಭಾಷಣ ಕಡಿಮೆಯಿರಲಿ. ಹಿರಿಯರಿಗೆ ಬೆನ್ನಿರುವ ಕುರ್ಚಿಯೂ ಕೈಹಿಡಿದು ಕರೆತರುವ ಒಬ್ಬ ಹುಡುಗನೂ ಇರಲಿ. ಹಳ್ಳಿಯ ಒಗ್ಗಟ್ಟನ್ನು ಹೊಗಳುವಾಗ, ಅಲ್ಲಿ ಹೊರಗೆ ನಿಲ್ಲಿಸಲ್ಪಟ್ಟವರೂ ಇದ್ದರೆಂಬುದನ್ನು ಮರೆಯಲಾಗದು. ಆ ತಪ್ಪು ಇಲ್ಲಿ ಮರುಕಳಿಸಬಾರದು. ಬಾಡಿಗೆಯವರು, ಕಾವಲುಗಾರರು, ಮನೆಗೆಲಸದವರು ಹಬ್ಬದಲ್ಲಿ ಪಂಕ್ತಿಗೆ ಕೂರಲಿ, ಬರಿಯ ಬಡಿಸುವವರಾಗುವುದು ಬೇಡ.

ಇನ್ನು ನಮ್ಮ ಕುಟುಂಬಗಳಿಗೊಂದು ಮಾತು. ನಮ್ಮ ಗೈರುಹಾಜರಿಗೆ ನಾವು ಕೊಡುವ ಕಾರಣ ಒಂದೇ: ಸಭೆ ಇಡುವುದು ಭಾನುವಾರ ಬೆಳಿಗ್ಗೆ, ಆಗ ಬಲಿಪೂಜೆ, ಮಕ್ಕಳಿಗೆ ಧರ್ಮೋಪದೇಶ. ಕಾರಣ ನಿಜ. ಆದರೆ ಸಭೆಯನ್ನು ಸಂಜೆ ಐದಕ್ಕೆ ಇಡಬಹುದೇ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಧರ್ಮಕೇಂದ್ರದಲ್ಲಿ ಎಲ್ಲ ಕೆಲಸಕ್ಕೂ ಮುಂದಾಗುವ ನಾವು ಕಟ್ಟಡದಲ್ಲಿ ಅತಿಥಿಗಳಂತಿರುತ್ತೇವೆ. ಕ್ರಿಸ್ತ ಜಯಂತಿಗೆ ಕೇಕು ಹಂಚಿದರೆ ನೆರೆಹೊರೆಯ ಋಣ ತೀರಿತೆಂದು ತಿಳಿಯುತ್ತೇವೆ. ಅವರ ಹಬ್ಬಕ್ಕೆ ನಾವು ಹೋಗಿ ಬಾಳೆಎಲೆ ಹಾಸಿದಾಗಲೇ ನಮ್ಮ ಕೇಕಿಗೆ ರುಚಿ ಬರುವುದು.

ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯು ಮನೆಯೊಡನೆ ಮೆಟ್ಟಿಲು, ಅಂಗಳಗಳಂತಹ ಸಾಮಾನ್ಯ ಸ್ಥಳಗಳಲ್ಲಿಯೂ ಒಡೆಯನಿಗೆ ಅವಿಭಜಿತ ಪಾಲನ್ನು ಮಾನ್ಯ ಮಾಡಿತು. ಕಾನೂನು ಕೊಟ್ಟ ಈ ಪಾಲು ಕಾಗದದಲ್ಲಿದೆ. ಅದನ್ನು ಬಾಳಿನಲ್ಲಿ ಪಡೆಯುವ ಬಗೆ ಸುಲಭ: ಈ ವಾರ ಒಂದು ಸಂಜೆ ಎದುರು ಮನೆಯ ಬಾಗಿಲು ತಟ್ಟಿ ಹೆಸರು ಕೇಳಿರಿ, ನಿಮ್ಮ ಹೆಸರು ಹೇಳಿರಿ. ಮುಂದಿನ ಸಮಾರಂಭಕ್ಕೆ ಅವರನ್ನು ಜೊತೆಯಲ್ಲೇ ಕರೆದುಕೊಂಡು ಇಳಿಯಿರಿ. ಎರಡು ಕುರ್ಚಿಗಳು ಆಗಲೇ ತುಂಬಿದಂತಾಯಿತು.