ಬೀಗ ತೆಗೀಬೇಡಿ, ಕೀಲಿ ಎಲ್ಲಿದೆ ನೋಡಿಕೊಳ್ಳಿ

ಸಾವನದುರ್ಗದ ತಪ್ಪಲಲ್ಲಿ ನಮ್ಮ ತೋಟ. ಮಾವು, ಹಲಸು, ನಡುವೆ ರಾಗಿ, ಅವರೆ. ತೋಟಗಾರಿಕೆ ಓದಿದ ಅಭ್ಯಾಸ, ಎಲ್ಲವನ್ನೂ ಲ್ಯಾಪ್‌ಟಾಪ್‌ನಲ್ಲಿ ಬರೆದಿಡ್ತೀನಿ. ಯಾವತ್ತು ಜೀವಾಮೃತ ಕೊಟ್ಟೆ, ಗೊಬ್ಬರ ಎಲ್ಲಿಂದ ತಂದೆ, ಎಷ್ಟು ಹಣ್ಣು ಯಾರಿಗೆ ಮಾರಿದೆ, ಎಲ್ಲ ಅದರಲ್ಲೇ. ಸಾವಯವ ಪ್ರಮಾಣಪತ್ರಕ್ಕೆ ಈ ದಾಖಲೆಯೇ ಜೀವ. ಎನ್‌ಪಿಒಪಿ ನಿಯಮದಲ್ಲಿ ಮಾವಿನಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆ ಅವಧಿ ಸಾಮಾನ್ಯವಾಗಿ 3 ವರ್ಷ. ಅಷ್ಟು ವರ್ಷದ ಬೆವರಿಗೆ ಸಾಕ್ಷಿ ಹೇಳೋದು ಈ ಲೆಕ್ಕವೇ.

ಒಂದು ರಾತ್ರಿ ಅಪ್‌ಡೇಟ್‌ಗೆ ಹಾಕಿ ಮಲಗಿದೆ. ಬ್ಯಾಟರಿ ಮೊದಲೇ ಹಳೇದು, ಮಧ್ಯೆ ಕರೆಂಟ್ ಹೋಯ್ತು. ಬೆಳಿಗ್ಗೆ ನೋಡಿದ್ರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೇಳ್ತಾ ಇದೆ. ತೋಟದ ತಪಾಸಣೆಗೆ ಉಳಿದಿದ್ದು ಒಂದೇ ವಾರ. ರಿಪೇರಿ ಅಂಗಡಿಯಲ್ಲಿ, "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಸಂಜೆಗೆ ರೆಡಿ" ಅಂದ್ರು. ಹೌದು, ಲ್ಯಾಪ್‌ಟಾಪ್ ರೆಡಿ ಆಗ್ತಿತ್ತು. ಆದರೆ ಮೂರು ವರ್ಷದ ಲೆಕ್ಕ ಹೋಗ್ತಿತ್ತು.

ಇಲ್ಲಿ ಆಗೋದೇನು ಅಂದ್ರೆ, ಎನ್‌ಕ್ರಿಪ್ಟ್ ಆದ ಡಿಸ್ಕ್‌ನಲ್ಲಿ ಎಲ್ಲವೂ ಗುಪ್ತಲಿಪಿಯಲ್ಲಿರುತ್ತೆ. ಅದನ್ನ ತೆರೆಯೋ ಕೀಲಿ ಟಿಪಿಎಂ ಅನ್ನೋ ಚಿಪ್‌ನ ಕಾವಲಲ್ಲಿರುತ್ತೆ. ಆನ್ ಮಾಡಿದಾಗ ಸಿಸ್ಟಂ ಮೊದಲಿನಂತೆಯೇ ಇದ್ರೆ ಚಿಪ್ ಕೀಲಿ ಕೊಡುತ್ತೆ. ಅಪ್‌ಡೇಟ್ ಕೆಟ್ಟು ಆ ಹೊಂದಿಕೆ ತಪ್ಪಿದ್ರೆ ಕೊಡಲ್ಲ. ಯಜಮಾನನೋ ಕಳ್ಳನೋ ಅಂತ ಅದಕ್ಕೆ ಗೊತ್ತಾಗಲ್ಲ. ಆಗ ರಿಕವರಿ ಕೀ ಒಂದೇ ದಾರಿ.

ಎಷ್ಟೋ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಈ ಬೀಗ ತಾನಾಗಿಯೇ ಬೀಳುತ್ತೆ, ಕೀಲಿ ಆ ಖಾತೆಯಲ್ಲಿ ಸೇವ್ ಆಗುತ್ತೆ. ನನ್ನ ಖಾತೆಯಲ್ಲಿ ಹುಡುಕಿದೆ, ಇಲ್ಲ. ಆಮೇಲೆ ನೆನಪಾಯ್ತು, ಲ್ಯಾಪ್‌ಟಾಪ್ ತಂದ ದಿನ ಸೆಟಪ್ ಮಾಡಿದ್ದು ನನ್ನ ಚಿಕ್ಕಪ್ಪನ ಮಗ, ಅವನ ಇಮೇಲ್‌ನಲ್ಲಿ. ಫೋನ್ ಮಾಡಿದೆ. ಅವನ ಖಾತೆಯಲ್ಲಿ ಕೀ ಇತ್ತು, ಪರದೆ ಮೇಲಿದ್ದ ಕೀ ಐಡಿಯ ಮೊದಲ 8 ಅಕ್ಷರ ಹೊಂದಿಕೆಯಾಯ್ತು. 48 ಅಂಕಿ ಹಾಕಿ, ರಿಪೇರಿ ಮೆನುವಿನಿಂದ ಕೆಟ್ಟ ಅಪ್‌ಡೇಟ್ ತೆಗೆದ ಮೇಲೆ ಲ್ಯಾಪ್‌ಟಾಪ್ ತೆರೀತು. ಅವನು ಆ ಇಮೇಲ್ ಬಿಟ್ಟುಬಿಟ್ಟಿದ್ದಿದ್ರೆ ನನ್ನ ಕಥೆ ಮುಗೀತಿತ್ತು.

ದೊಡ್ಡವರ ಪಾಡೂ ಇದೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್‌ನ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಕೆಲಸ ಕೈಯಲ್ಲೇ ಮಾಡಬೇಕಾಯಿತು. ಆ ದೋಷದ ಫೈಲ್ ಅಳಿಸೋದು ಕೆಲವೇ ನಿಮಿಷದ ಕೆಲಸ. ಆದರೆ ಎನ್‌ಕ್ರಿಪ್ಟ್ ಆದ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೂ ಮೊದಲು ಒಂದೊಂದಕ್ಕೂ ಅದರದ್ದೇ 48 ಅಂಕಿ ಹಾಕಬೇಕಿತ್ತು. ಕೀಲಿ ಸುಲಭಕ್ಕೆ ಸಿಗದ ಕಡೆ ದುರಸ್ತಿ ಎಳೀತು.

ನನ್ನ ಪಾಡು ಕೇಳಿದ ಗೆಳೆಯರು, "ಈ ಎನ್‌ಕ್ರಿಪ್ಷನ್ನೇ ಆಫ್ ಮಾಡಿಬಿಡು" ಅಂತಾರೆ. ನಾನು ಒಪ್ಪಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಇರೋದೇನು? ಆಧಾರ್ ಸ್ಕ್ಯಾನ್, ಪಹಣಿ, ಪಾಸ್‌ಬುಕ್, ಫ್ರೂಟ್ಸ್ ಐಡಿ, ಗಿರಾಕಿಗಳ ನಂಬರ್. ಬಸ್ಸಲ್ಲಿ ಕಳೆದುಹೋದ್ರೆ ಅದೆಲ್ಲ ಯಾರ ಕೈಗೋ ಹೋಗುತ್ತೆ. ಮನೆ ಕೀಲಿ ಕಳೀತು ಅಂತ ಬಾಗಿಲನ್ನೇ ಕಿತ್ತು ಹಾಕ್ತೀವಾ? ತಪ್ಪು ಬೀಗದ್ದಲ್ಲ. ಕೀಲಿ ಎಲ್ಲಿದೆ ಅಂತ ನೋಡದೇ ಇದ್ದ ನನ್ನದು.

ಅದಕ್ಕೇ ಇವತ್ತೇ ಇಷ್ಟು ಮಾಡಿ:

1. ವಿಂಡೋಸ್ ಸರ್ಚ್‌ನಲ್ಲಿ ಬಿಟ್‌ಲಾಕರ್ ಅಂತ ಇಂಗ್ಲಿಷ್‌ನಲ್ಲಿ ಹುಡುಕಿ, ಎನ್‌ಕ್ರಿಪ್ಷನ್ ಆನ್ ಇದ್ರೆ ರಿಕವರಿ ಕೀ ಬ್ಯಾಕಪ್ ಮಾಡಿ, ಪ್ರಿಂಟ್ ತೆಗೀರಿ. ಪಹಣಿ, ಕ್ರಯಪತ್ರ ಇಡೋ ಪೆಟ್ಟಿಗೇಲಿ ಇಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಉಳಿಸಿದ್ರೆ ಪ್ರಯೋಜನ ಇಲ್ಲ.
2. ಸೆಟಪ್ ಯಾರ ಇಮೇಲ್‌ನಲ್ಲಿ ಆಗಿದೆ ಅಂತ ನೋಡಿ. ರೈತ ಉತ್ಪಾದಕ ಕಂಪನಿ ಕೊಟ್ಟ ಕಂಪ್ಯೂಟರ್ ಆದ್ರೆ ಕೀ ಯಾರ ಬಳಿ ಇದೆ ಅಂತ ಈಗಲೇ ಕೇಳಿ.
3. ಚಾರ್ಜರ್ ಹಾಕದೆ ಅಪ್‌ಡೇಟ್ ಶುರು ಮಾಡಬೇಡಿ. ತಪಾಸಣೆ, ಸಬ್ಸಿಡಿ ಅರ್ಜಿಯ ವಾರದಲ್ಲಂತೂ ಬೇಡವೇ ಬೇಡ.
4. ಬೀಗ ಬಿದ್ದೇ ಬಿಟ್ರೆ ಫಾರ್ಮ್ಯಾಟ್‌ಗೆ ಒಪ್ಪಬೇಡಿ. ಮೊದಲು ಕೀ ಐಡಿಯ ಫೋಟೊ ತೆಗೆದು, ಮೊಬೈಲ್‌ನಿಂದಲೇ ಖಾತೆಗೆ ಲಾಗಿನ್ ಆಗಿ ಹುಡುಕಿ. ಕಳೆದ ಕೀಯನ್ನ ಮೈಕ್ರೋಸಾಫ್ಟ್ ಕೂಡ ಹೊಸದಾಗಿ ಮಾಡಿಕೊಡಲ್ಲ. "ದುಡ್ಡು ಹಾಕಿ, ಕೀ ಕೊಡ್ತೀನಿ" ಅನ್ನೋ ಫೋನ್ ಕರೆಗೆ ಮರುಳಾಗಬೇಡಿ.
5. ಕೀ ಇದ್ರೂ ಡಿಸ್ಕ್ ಸುಟ್ಟುಹೋಗಬಹುದು. ವಾರಕ್ಕೊಮ್ಮೆ ತೋಟದ ಲೆಕ್ಕವನ್ನ ಪೆನ್‌ಡ್ರೈವ್‌ಗೆ ಹಾಕಿಡಿ.

ತಪಾಸಣೆ ಮುಗೀತು, ದಾಖಲೆ ತೋರಿಸಿದೆ. ಆದರೆ ಬಂದವರು ಮೊದಲು ಕೇಳಿದ್ದು ಕಂಪ್ಯೂಟರ್ ಅಲ್ಲ, ನಮ್ಮಪ್ಪ ಬರೆದಿಡೋ ನೋಟ್‌ಬುಕ್. ಈಗ ನನ್ನ 48 ಅಂಕಿಯೂ ಅದೇ ನೋಟ್‌ಬುಕ್ ಜೊತೆ ಪೆಟ್ಟಿಗೇಲಿದೆ.