ಹುಡುಗರು ಸಿಗುತ್ತಿಲ್ಲವೋ, ಉಳಿಸಿಕೊಳ್ಳುತ್ತಿಲ್ಲವೋ?

ಮಾನ್ಯ ಸಂಪಾದಕರೇ,

ಮುಂಬಯಿ ಮತ್ತು ಸುತ್ತಲಿನ ಕಾರ್ಖಾನೆಗಳಿಗೆ ಕೆಲಸ ಗೊತ್ತಿರುವ ಹುಡುಗರು ಸಿಗುತ್ತಿಲ್ಲ, ಈಗಿನವರಿಗೆ ಕೈಗೆ ಎಣ್ಣೆ-ಗ್ರೀಸು ಹತ್ತಿಸಿಕೊಳ್ಳುವ ಮನಸ್ಸಿಲ್ಲ ಎಂದು ಕೆಲವು ಉದ್ಯಮಿಗಳು ಹೇಳಿದ್ದನ್ನು ತಾವು ಕಳೆದ ವಾರ ಪ್ರಕಟಿಸಿದ್ದೀರಿ. ಇಡೀ ವರದಿಯಲ್ಲಿ ಒಬ್ಬನೇ ಒಬ್ಬ ಐಟಿಐ ಹುಡುಗನ ಮಾತಿಲ್ಲ. ಟೂಲ್‌ರೂಮಿನಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ನಾನು ಈ ಆರೋಪವನ್ನು ಒಪ್ಪಲಾರೆ.

2018ರ ಮಾರ್ಚ್ 20ರ ಬೆಳಿಗ್ಗೆ ಸೆಂಟ್ರಲ್ ಲೈನಿನಲ್ಲಿ ಸಿಕ್ಕಿಬಿದ್ದವರಿಗೆ ಆ ದಿನ ನೆನಪಿರಬೇಕು. ರೈಲ್ವೆಯಲ್ಲಿ ಅಪ್ರೆಂಟಿಸ್ ತರಬೇತಿ ಮುಗಿಸಿದ ಯುವಕರು ದೇಶದ ಬೇರೆ ಬೇರೆ ಕಡೆಗಳಿಂದ ಬಂದು ಮಾಟುಂಗಾ–ದಾದರ್ ನಡುವೆ ಹಳಿಯ ಮೇಲೆ ಕುಳಿತರು. ಜನ ಕೆಲಸಕ್ಕೆ ಹೊರಡುವ ಹೊತ್ತಿನಲ್ಲೇ ಲೋಕಲ್‌ಗಳು ಗಂಟೆಗಟ್ಟಲೆ ನಿಂತವು. ತರಬೇತಿ ಪಡೆದವರಿಗೆ ಶೇ. 20 ಮೀಸಲು ಸಾಲದು, ನಮ್ಮೆಲ್ಲರನ್ನೂ ಕೆಲಸಕ್ಕೆ ತೆಗೆದುಕೊಳ್ಳಿ ಎಂಬುದು ಅವರ ಬೇಡಿಕೆಯಾಗಿತ್ತು. ಹಳಿ ತಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆಸ್ಪತ್ರೆಗೆ ಹೊರಟವರೂ ಆ ಗಾಡಿಗಳಲ್ಲಿ ಇದ್ದಿರಬೇಕು. ಆದರೆ ಎಣ್ಣೆ-ಗ್ರೀಸಿನ ಕೆಲಸ ಬೇಡ ಎನ್ನುವವರು ಅದೇ ಕೆಲಸ ಕೊಡಿ ಎಂದು ಪೊಲೀಸರ ಲಾಠಿಗೆ ಮೈಯೊಡ್ಡುತ್ತಾರೆಯೇ?

ತೊಡಕು ಇರುವುದು ಕಾಯ್ದೆಯಲ್ಲಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಕಲಿಕೆ ಮುಗಿದ ಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಬಂಧನ ಮಾಲೀಕನಿಗೆ ಇರಲಿಲ್ಲ. 2014ರ ತಿದ್ದುಪಡಿಯಲ್ಲಿ 22ನೇ ಕಲಂ ಬದಲಾಯಿತು. ಆದರೂ ಅಲ್ಲಿರುವುದು, ಪ್ರತಿ ಮಾಲೀಕನೂ ಇಂಥವರ ನೇಮಕಾತಿಗೆ ತನ್ನದೇ ಒಂದು ನೀತಿ ಮಾಡಿಕೊಳ್ಳಬೇಕು ಎಂಬಷ್ಟೇ. 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮ ಹೇಳಿತು. ಓದಿಗೆ ತಕ್ಕಂತೆ ತಿಂಗಳಿಗೆ ಕನಿಷ್ಠ 5000ದಿಂದ 9000 ರೂಪಾಯಿ ಭತ್ಯೆಯನ್ನೂ ಅದೇ ನಿಯಮ ಗೊತ್ತುಮಾಡಿತು. ಆ ಭತ್ಯೆಯಲ್ಲೂ ಕಾಲು ಭಾಗವನ್ನು, 1500 ರೂಪಾಯಿಯ ಮಿತಿಯಲ್ಲಿ, ಸರಕಾರವೇ ತುಂಬಿಕೊಡುವ ಯೋಜನೆ ಇದೆ. ವರ್ಷವರ್ಷವೂ ಇಷ್ಟು ಅಗ್ಗಕ್ಕೆ ಹೊಸಬರು ಬರುತ್ತಿರುವಾಗ, ಕಲಿತವನಿಗೆ ಪೂರ್ತಿ ಪಗಾರ ಕೊಟ್ಟು ಪರ್ಮನೆಂಟ್ ಮಾಡುವ ಅಗತ್ಯ ಯಾರಿಗೆ ಬಿದ್ದಿದೆ? ಉಳಿದೆಲ್ಲ ಅರ್ಹತೆ ಸಮವಾಗಿದ್ದರೆ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಸಿಗಬೇಕು ಎಂದು 1995ರಲ್ಲೇ ಸುಪ್ರೀಂ ಕೋರ್ಟು, ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಹೇಳಿತ್ತು. ಖಾಸಗಿ ಕಂಪೆನಿಗಳ ಗೇಟಿನೊಳಗೆ ಆ ಮಾತಿಗೆ ಬೆಲೆ ಬಂದದ್ದನ್ನು ನಾನು ಕಾಣೆ.

ನಮ್ಮ ಕಟ್ಟಡದ ಹುಡುಗನೊಬ್ಬ ಐಟಿಐ ಮುಗಿಸಿ ಒಂದು ಕಂಪೆನಿಗೆ ಅಪ್ರೆಂಟಿಸ್ ಆಗಿ ಸೇರಿದ್ದ. ಕಲಿಸುವವರು ಹೆಸರಿಗೆ ಮಾತ್ರ. ಅವನನ್ನು ನಿಲ್ಲಿಸಿದ್ದು ನೇರ ಉತ್ಪಾದನೆಯ ಲೈನಿನಲ್ಲಿ, ರಾತ್ರಿ ಪಾಳಿಯಲ್ಲೂ. ಅವಧಿ ಮುಗಿದ ದಿನ ಸರ್ಟಿಫಿಕೇಟು ಕೊಟ್ಟು ಕಳಿಸಿದರು. ಆಮೇಲೆ ಕಂತ್ರಾಟುದಾರನ ಆಳಾಗಿ ಅದೇ ಗೇಟಿನೊಳಗೆ, ಅದೇ ಮಶೀನಿಗೆ ಹೋದ. ಅಲ್ಲೂ ಕೆಲವು ತಿಂಗಳಿಗೊಮ್ಮೆ ಬ್ರೇಕ್. ಈಗ ಬೈಕಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುತ್ತಾನೆ. ಮೈಕ್ರೋಮೀಟರ್ ಹಿಡಿಯಲು ಕಲಿತ ಕೈ ಅದು. ಅವನನ್ನು ಸೋಮಾರಿ ಎಂದರೆ ನನಗೆ ಸಿಟ್ಟು ಬರುತ್ತದೆ.

ನಮ್ಮ ಕಾಲದ ಕನ್ನಡಿಗರು ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕುರ್ಲಾ, ವಿಕ್ರೋಲಿ, ಥಾಣೆಯ ಕಾರ್ಖಾನೆ ಸೇರಿದರು. ಪರ್ಮನೆಂಟ್ ಕಾಗದ ಕೈಗೆ ಬಂದ ಮೇಲೆ ಊರಿನಿಂದ ತಮ್ಮನನ್ನು ಕರೆಸಿಕೊಂಡರು, ಮದುವೆಯಾದರು. ಆ ಭದ್ರತೆ ಉಳಿಯಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಬಹಳಷ್ಟು ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿ ಜಾಗಗಳಲ್ಲಿ ಮಾಲ್‌ಗಳು, ಗೋಪುರಗಳು ಎದ್ದವು. ಪದ್ಮಿನಿ ಕಾರು ತಯಾರಾಗುತ್ತಿದ್ದ ಕುರ್ಲಾದ ಕಾರ್ಖಾನೆಯೂ ಹೋಯಿತು. ಇದನ್ನೆಲ್ಲ ಕಣ್ಣಾರೆ ಕಂಡ ತಂದೆತಾಯಿ ಮಗನಿಗೆ ಫ್ಯಾಕ್ಟರಿ ಬೇಡಪ್ಪಾ ಎಂದರೆ ಅದು ಅನುಭವದ ಮಾತು. ಕೆಲಸವೇನೋ ಪೂರ್ತಿ ಹೋಗಿಲ್ಲ, ತಳೋಜಕ್ಕೆ, ವಸಯಿ-ಭಿವಂಡಿಯ ಗಾಲಾಗಳಿಗೆ, ಎಂದರೆ ಸಣ್ಣ ಶೆಡ್ಡುಗಳಿಗೆ, ಸರಿದಿದೆ. ಆ ಕೆಲಸದ ಮೇಲೆ ಮೊದಲಿದ್ದ ಭರವಸೆ ಮಾತ್ರ ಈಗ ಇಲ್ಲ.

22ನೇ ಕಲಮಿನ ನೇಮಕಾತಿ ನೀತಿಯನ್ನು ಪ್ರತಿ ಕಂಪೆನಿಯೂ ಗೇಟಿನ ನೋಟೀಸು ಬೋರ್ಡಿನಲ್ಲಿ ಹಾಕಬೇಕು, ಎಷ್ಟು ಮಂದಿಯನ್ನು ಉಳಿಸಿಕೊಂಡಿತೆಂದು ವರ್ಷಕ್ಕೊಮ್ಮೆ ಪ್ರಕಟಿಸಬೇಕು. ಇದನ್ನು ಕಡ್ಡಾಯ ಮಾಡಲು ಸರಕಾರಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಕನ್ನಡ ಸಂಘಗಳೂ ಜಾತಿ ಸಂಘಗಳೂ ವಿದ್ಯಾರ್ಥಿವೇತನ ಹಂಚುವಾಗ ಡಾಕ್ಟರು, ಸಿ.ಎ. ಓದುವವರ ಜೊತೆಗೆ ಟರ್ನರ್, ವೆಲ್ಡರ್ ಕಲಿಯುವ ಮಕ್ಕಳನ್ನೂ ವೇದಿಕೆಗೆ ಕರೆಯಲಿ.

ಇನ್ನು ತಮ್ಮಲ್ಲಿ ಒಂದು ವಿನಂತಿ. ಹುಡುಗರು ಸಿಗುತ್ತಿಲ್ಲ ಎನ್ನುವ ಉದ್ಯಮಿ ಮುಂದಿನ ಸಲ ತಮ್ಮ ವರದಿಗಾರರಿಗೆ ಸಿಕ್ಕಾಗ, ಹೋದ ವರ್ಷ ತರಬೇತಿ ಮುಗಿಸಿದವರಲ್ಲಿ ಎಷ್ಟು ಜನರನ್ನು ಪರ್ಮನೆಂಟ್ ಮಾಡಿದಿರಿ ಎಂದು ಕೇಳಲು ಹೇಳಿ. ಉತ್ತರ ಏನೇ ಬರಲಿ, ಅದನ್ನೂ ಅಚ್ಚು ಹಾಕಿ.

— ಒಬ್ಬ ನಿವೃತ್ತ ಫಿಟ್ಟರ್, ಭಾಂಡುಪ್, ಮುಂಬಯಿ